ಡಬ್ಬಿ ಸದ್ದು ಮಾಡದಂತೆ: ಎಚ್‌ಐವಿ ಗುಳಿಗಿ ತಗೊಳ್ಳೋದು ಹೇಗೆ

ಮೊದಲ ಡಬ್ಬಿ ಕೈಗೆ ಬಂದ ದಿನ ಬಸ್ಸಿನಲ್ಲಿ ಅದು ಗಲಗಲ ಅಂದಿದ್ದು ಇನ್ನೂ ನೆನಪಿದೆ. 2009ರ ಮಾತು. ಬಾಗಲಕೋಟೆಯಿಂದ ನಮ್ಮೂರಿಗೆ ಒಂದೂವರೆ ತಾಸಿನ ದಾರಿ. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಮಡಿಲಲ್ಲಿದ್ದ ಚೀಲದೊಳಗೆ ಗುಳಿಗಿಗಳು ಕುಣಿಯುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಏನವಾ ಅದು, ಗೆಜ್ಜಿ ಏನು?" ಅಂದಳು. "ಇಲ್ಲ ಯವ್ವಾ, ಅಂಗಿ ಗುಂಡಿ" ಅಂದೆ. ಟೇಲರ್ ಆಗಿದ್ದಕ್ಕೆ ಅಷ್ಟು ಸುಳ್ಳು ತಟ್ಟನೆ ಹೊಳೆಯಿತು.

ಗಂಡ ಅದಕ್ಕೂ ಮೊದಲೇ ಹೋಗಿದ್ದ. ಮಗ ಈಗ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಅವನಿಗೆ ಸೋಂಕಿಲ್ಲ. ನಾನು ದಿನಾ ಬೆಳಗ್ಗೆ ಒಂದು ಗುಳಿಗಿ ನುಂಗಿ ಮಷಿನ್ ಮುಂದೆ ಕೂರುತ್ತೇನೆ. ತಿಂಗಳಿಗೊಮ್ಮೆ, ಹೊಸದಾಗಿ ಗುಳಿಗಿ ಶುರು ಮಾಡಿದವರ ಜೊತೆ ಕೂತು ಮಾತಾಡುತ್ತೇನೆ. ಅವರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಅವವೇ. ಹಂಗಾಗಿ ಬರೆದಿಡೋಣ ಅನ್ನಿಸಿತು. ನಾನು ಡಾಕ್ಟರಲ್ಲ. ಎಚ್‌ಐವಿ ಔಷಧಿ ಕೊಡೋ ನಿಮ್ಮ ಎಆರ್‌ಟಿ ಸೆಂಟರಿನವರು ನಿಮ್ಮ ರಿಪೋರ್ಟು ನೋಡಿ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ. ಇದು ದೊಡ್ಡವರ ಗುಳಿಗಿಯ ಮಾತು ಅಷ್ಟೇ. ಮಕ್ಕಳ ಡೋಸು ತೂಕದ ಮೇಲೆ ಹೋಗುತ್ತದೆ, ಅದಕ್ಕೆ ನಾನು ಕೈಹಾಕೋದಿಲ್ಲ.

ಸರ್ಕಾರಿ ಸೆಂಟರಿನಲ್ಲಿ ಈಗ ಹೆಚ್ಚಿನವರಿಗೆ ಕೊಡೋದು ಟಿಎಲ್‌ಡಿ. ಒಂದೇ ಗುಳಿಗಿಯಲ್ಲಿ ಮೂರು ಔಷಧಿ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ದಿನಕ್ಕೆ ಒಂದು, ಒಂದೇ ಸಲ. ದುಡ್ಡು ಕೊಡಬೇಕಾಗಿಲ್ಲ.

ಇದು ಒಳಗೆ ಮಾಡೋದೇನು ಅಂತ ನಾನು ಹೊಲಿಗೆಯ ಲೆಕ್ಕದಲ್ಲೇ ಹೇಳೋದು. ವೈರಸ್ಸು ರೋಗದ ವಿರುದ್ಧ ಕಾದಾಡೋ ನಮ್ಮ ರಕ್ತದ ಸಿಡಿ4 ಕಣದೊಳಗೆ ನುಗ್ಗಿ ಮೊದಲು ತನ್ನ ಪ್ಯಾಟರ್ನಿನ ಇನ್ನೊಂದು ನಕಲು ಕತ್ತರಿಸುತ್ತದೆ. ಆಮೇಲೆ ಆ ತುಂಡನ್ನು ನಮ್ಮ ಕಣದ ಬಟ್ಟೆಗೇ ಹೊಲಿದುಬಿಡುತ್ತದೆ. ಹೊಲಿಗೆ ಬಿತ್ತೋ, ಅಲ್ಲಿಂದ ಮುಂದೆ ನಮ್ಮ ಕಣವೇ ವೈರಸ್ಸಿನ ಮನೆಯ ಕೂಲಿ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಕತ್ತರಿ ಕೆಲಸ ಕೆಡಿಸುತ್ತವೆ, ಡೊಲುಟೆಗ್ರಾವಿರ್ ಹೊಲಿಗೆ ಬೀಳದಂತೆ ತಡೆಯುತ್ತದೆ. ಈಗಾಗಲೇ ಬಿದ್ದ ಹೊಲಿಗೆ ಬಿಚ್ಚೋದು ಮಾತ್ರ ಈ ಗುಳಿಗಿಯ ಕೈಲಿ ಆಗದು. "ಆರಾಮ ಆಗೇನಿ, ಇನ್ನ ಸಾಕು" ಅಂತ ನಿಲ್ಲಿಸಿದವರಿಗೆ ಕೆಲವೇ ವಾರದಲ್ಲಿ ವೈರಸ್ಸು ಮತ್ತೆ ಏಳೋದು ಇದಕ್ಕೇ. ಒಂದಿನ ತಗೊಂಡು ಎರಡು ದಿನ ಬಿಡೋದು ಇನ್ನೂ ಕೆಟ್ಟದು. ಅರೆಬರೆ ಔಷಧಿಯ ನಡುವೆ ನಕಲು ತೆಗೆಯುತ್ತಾ ತೆಗೆಯುತ್ತಾ ಅದು ಔಷಧಿಗೆ ಬಗ್ಗದ ಹೊಸ ಪ್ಯಾಟರ್ನ್ ಕಲಿತುಬಿಡುತ್ತದೆ.

ನಾನು ಶುರು ಮಾಡಿದಾಗ ಇಷ್ಟು ಸುಲಭ ಇರಲಿಲ್ಲ. ಆಗ ಸಿಡಿ4 ಸಾಕಷ್ಟು ಇಳಿಯೋ ತನಕ ಕಾಯಿಸುತ್ತಿದ್ದರು. 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕು ಗೊತ್ತಾದ ಮೇಲೆ ಔಷಧಿ ಶುರು. ನನ್ನದು ಬೆಳಗ್ಗೆ ಒಂದು, ರಾತ್ರಿ ಒಂದು, ಅದರಲ್ಲಿ ಸ್ಟಾವುಡಿನ್ ಇತ್ತು. ಅಂಗಾಲು ಉರಿದು ಪೆಡಲ್ ತುಳಿಯಲಾಗದ ಸ್ಥಿತಿ ಬಂದಿತ್ತು. ಆ ಔಷಧಿಯನ್ನು ಸರ್ಕಾರವೇ ಆಮೇಲೆ ಕೈಬಿಟ್ಟಿತು. ಮುಂದೆ ಎಫಾವಿರೆಂಜ್ ಬಂತು, ರಾತ್ರಿ ಮಲಗೋ ಮುಂಚೆ ನುಂಗೋದು, ಮಲಗಿದರೆ ಸಿನಿಮಾದಂಥ ಕನಸು. ಟಿಎಲ್‌ಡಿ ಬಂದಿದ್ದು 2021ರಲ್ಲಿ. ಹಳಬರು ಯಾರಾದರೂ ನಿಮ್ಮನ್ನು ಕನಸು, ತಲೆಸುತ್ತು ಅಂತ ಹೆದರಿಸಿದರೆ ಅವರು ಹೇಳುತ್ತಿರೋದು ಹೆಚ್ಚಾಗಿ ಹಳೇ ಗುಳಿಗಿಯ ಕಥೆ ಅಂತ ತಿಳಿಯಿರಿ.

ಮೊದಲ ದಿನ ಡಾಕ್ಟರ್ ಮುಂದೆ ಕೂತಾಗ ನಾಚಿಕೆ ಬಿಟ್ಟು ಹೇಳಬೇಕಾದ್ದು ಕೆಲವಿವೆ. ಕೆಮ್ಮು, ಜ್ವರ, ತೂಕ ಇಳಿಯೋದು, ರಾತ್ರಿ ಬೆವರು ಇದೆಯೇ? ಅದು ಟಿಬಿಯ ಗುರುತು, ಅದನ್ನು ನೋಡದೆ ಗುಳಿಗಿ ಶುರು ಮಾಡೋದಿಲ್ಲ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಫಿಟ್ಸ್ ಇದೆಯೇ? ಬಸುರಿ ಇದ್ದೀರಾ? ಕಾಮಾಲೆ ಆಗಿತ್ತಾ? ರಕ್ತ ತೆಗೆದು ಕಿಡ್ನಿಯ ಸ್ಥಿತಿ ಹೇಳೋ ಕ್ರಿಯೇಟಿನಿನ್, ಲಿವರಿಗೆ ತಗಲೋ ಹೆಪಟೈಟಿಸ್ ಬಿ ಸೋಂಕು ಎಲ್ಲ ನೋಡುತ್ತಾರೆ. ಹೆಪಟೈಟಿಸ್ ಬಿ ಇದ್ದವರು ವಿಶೇಷವಾಗಿ ನೆನಪಿಡಬೇಕು: ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಅದನ್ನೂ ಅದುಮಿ ಇಟ್ಟಿರುತ್ತವೆ. ಹೇಳದೆ ಕೇಳದೆ ನಿಲ್ಲಿಸಿದರೆ ಲಿವರ್ ಕೆರಳುತ್ತದೆ.

ಇನ್ನು ಹೊತ್ತು. ಊಟದ ಮುಂಚೆ, ಊಟದ ನಂತರ, ಯಾವಾಗ ಬೇಕಾದರೂ ಟಿಎಲ್‌ಡಿ ತಗೋಬಹುದು. ಹೊತ್ತು ದಿನಾ ಒಂದೇ ಆಗಿರಲಿ, ಅಷ್ಟೇ. "ಫೋನಿನಲ್ಲಿ ಅಲಾರಾಂ ಇಡಿ" ಅಂತ ಎಲ್ಲರೂ ಹೇಳುತ್ತಾರೆ, ಇಡಿ. ಆದರೆ ಅಲಾರಾಂ ಹೊಡೆದಾಗ ಅತ್ತೆ ಎದುರಿಗಿದ್ದರೆ ಅದನ್ನು ಆರಿಸಿ ಸುಮ್ಮನಾಗುತ್ತೀರಿ, ಆಮೇಲೆ ಮರೆತೇಬಿಡುತ್ತೀರಿ. ದಿನಾ ತಪ್ಪದೆ ಮಾಡೋ ಒಂದು ಕೆಲಸಕ್ಕೆ ಗುಳಿಗಿಯನ್ನು ಗಂಟು ಹಾಕೋದು ಅದಕ್ಕಿಂತ ಗಟ್ಟಿ. ಇದರಲ್ಲೂ ನಾನು ಎಡವಿದ್ದೇನೆ. ಮೊದಮೊದಲು ಬೆಳಗ್ಗಿನ ಗುಳಿಗಿಯನ್ನು ಮಷಿನ್‌ಗೆ ಎಣ್ಣೆ ಬಿಡೋದಕ್ಕೆ ಜೋಡಿಸಿದ್ದೆ. ಎಣ್ಣೆ ಬುಡ್ಡಿ ಪಕ್ಕವೇ ಡಬ್ಬಿ. ಎರಡು ಮೂರು ತಿಂಗಳಾದ ಮೇಲೆ ನೋಡಿದರೆ ಗುಳಿಗಿ ಉಳಿಯುತ್ತಿವೆ. ಯಾಕೆ? ಅಮಾವಾಸ್ಯೆ! ಅವತ್ತು ನಾವು ಮಷಿನ್ ತುಳಿಯೋದಿಲ್ಲ. ಹಬ್ಬಕ್ಕೂ ಇಲ್ಲ. ಮಷಿನ್‌ಗೆ ರಜೆ ಅಂದರೆ ನನ್ನ ಗುಳಿಗಿಗೂ ರಜೆ. ಆಮೇಲೆ ಹಲ್ಲುಜ್ಜೋದಕ್ಕೆ ಕಟ್ಟಿದೆ. ಹಲ್ಲಿಗೆ ಅಮಾವಾಸ್ಯೆ ಇಲ್ಲ.

ಆ ಉಳಿದ ಗುಳಿಗಿಗಳನ್ನು ಏನು ಮಾಡಿದೆ ಅಂತಲೂ ಹೇಳಿಬಿಡುತ್ತೇನೆ. ಸೆಂಟರಿನಲ್ಲಿ ಪ್ರತಿ ಸಲ ಉಳಿದದ್ದನ್ನು ಎಣಿಸುತ್ತಾರೆ. ಬೈಯ್ಯುತ್ತಾರೆ ಅಂತ ಹೆದರಿ ನಾಲ್ಕು ಗುಳಿಗಿ ಗಟಾರಕ್ಕೆ ಹಾಕಿ, ಲೆಕ್ಕ ಸರಿಮಾಡಿಕೊಂಡು ಹೋದೆ. ಕೌನ್ಸೆಲರ್ ಎಣಿಸಿ, "ಭಾರಿ ಚಲೋ ಅಕ್ಕಾರ" ಅಂದರು. ಆ ಹೊಗಳಿಕೆ ಹೊಟ್ಟೆಯೊಳಗೆ ಕಲ್ಲಿನಂತೆ ಕೂತಿತು. ನೀವು ಹಾಗೆ ಮಾಡಬೇಡಿ. 30ರಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಿದರೆ ಏನೋ ತೊಡಕಿದೆ ಅಂತ ಅರ್ಥ. ಆ ತೊಡಕು ಯಾವುದು ಅಂತ ಹುಡುಕೋಕೇ ಅವರು ಎಣಿಸೋದು.

ಒಂದು ದಿನ ಮರೆತರೆ? ನೆನಪಾದ ಕೂಡಲೇ ನುಂಗಿ. ಮುಂದಿನ ಗುಳಿಗಿಗೆ 4 ತಾಸಿಗಿಂತ ಕಡಿಮೆ ಉಳಿದಿದ್ದರೆ ಮಾತ್ರ ತಪ್ಪಿದ್ದನ್ನು ಬಿಟ್ಟು, ಹೊತ್ತಿಗೆ ಸರಿಯಾಗಿ ಮುಂದಿನದನ್ನು ತಗೊಳ್ಳಿ. ಎರಡು ಒಟ್ಟಿಗೆ ನುಂಗೋದು ಬೇಡ. ನುಂಗಿ ಒಂದು ತಾಸಿನೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಿ. ತಾಸು ದಾಟಿದ ಮೇಲೆ ಆದರೆ ಬೇಕಿಲ್ಲ.

ಈಗ ನನ್ನ ಎದಿ ಉರಿಯ ಕಥೆ. ನಾನು ಈ ಬರಹಕ್ಕೆ ಕೂತಿದ್ದೇ ಇದನ್ನು ಹೇಳಲಿಕ್ಕೆ.

ಟಿಎಲ್‌ಡಿಗೆ ಬದಲಾಗಿ ಒಂದು ವರ್ಷದ ಮೇಲೆ ವೈರಲ್ ಲೋಡ್ ಪರೀಕ್ಷೆಗೆ, ಅಂದರೆ ರಕ್ತದಲ್ಲಿ ವೈರಸ್ಸು ಎಷ್ಟಿದೆ ಅಂತ ಎಣಿಸೋ ಪರೀಕ್ಷೆಗೆ, ರಕ್ತ ಕೊಟ್ಟೆ. ವರ್ಷಗಟ್ಟಲೆ ಸೊನ್ನೆಯ ಹತ್ತಿರ ಇದ್ದದ್ದು 2,300 ಬಂತು. ಗುಳಿಗಿ ಲೆಕ್ಕ ಸರಿಯಾಗಿತ್ತು, ಈ ಸಲ ನಿಜವಾಗಿಯೂ ಸರಿಯಾಗಿತ್ತು. ಕೌನ್ಸೆಲರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಗಟಾರದ ಹಳೇ ಪಾಪ ನೆನಪಾಗಿ ನಾನೇ ಬೆವೆತೆ. ಕಡೆಗೆ ಔಷಧಿ ಕೊಡೋ ಹುಡುಗ ಕಿಟಕಿಯ ಆಚೆಯಿಂದ ಕೇಳಿದ, "ಅಕ್ಕಾರ, ಇದರ ಸಂಗಟ ಬ್ಯಾರೆ ಏನರ ತಗೋತೀರೇನ್ರಿ?"

"ಏನಿಲ್ಲೋ ತಮ್ಮಾ. ಬರೇ ಎದಿ ಉರಿ ಟಾನಿಕ್."

"ಯಾವಾಗ?"

"ಗುಳಿಗಿ ಆದ ಮ್ಯಾಲ, ಎರಡ ಮುಚ್ಚಳ."

ಅವನು ಹಣೆ ಬಡಿದುಕೊಂಡ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗೋ ಗುಲಾಬಿ ಬಣ್ಣದ ಟಾನಿಕ್. ಖಾರ ತಿನ್ನೋ ಊರು ನಮ್ಮದು, ಮನೆಮನೆಗೂ ಒಂದು ಬಾಟಲಿ ಇರುತ್ತದೆ. ಅದರಲ್ಲಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುತ್ತವೆ. ಅವು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಅನ್ನು ಹಿಡಿದು ಕಟ್ಟಿಬಿಡುತ್ತವೆ. ರಕ್ತಕ್ಕೆ ಸೇರಬೇಕಾದ ಔಷಧಿ ಹೊಟ್ಟೆಯಿಂದಲೇ ಹೊರಗೆ. ತಿಂಗಳುಗಟ್ಟಲೆ ನಾನು ಗುಳಿಗಿ ನುಂಗುತ್ತಿದ್ದೆ, ಮೈಗೆ ಮಾತ್ರ ಪೂರಾ ಸಿಗುತ್ತಿರಲಿಲ್ಲ. ಅದುವರೆಗೆ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನನಗೂ ಟಾನಿಕ್ ಅಂದರೆ ಔಷಧಿ ಅನ್ನಿಸಿರಲಿಲ್ಲ.

ಲೆಕ್ಕ ಹೀಗೆ: ಗುಳಿಗಿ ಮೊದಲಾದರೆ 2 ತಾಸು ಬಿಟ್ಟು ಟಾನಿಕ್. ಟಾನಿಕ್ ಮೊದಲಾದರೆ 6 ತಾಸು ಬಿಟ್ಟು ಗುಳಿಗಿ. ನಾನು 7ಕ್ಕೆ ಗುಳಿಗಿ ತಗೋತೀನಿ, ಟಾನಿಕ್ ಬೇಕೇ ಬೇಕು ಅಂದರೆ 9ರ ನಂತರ. ಪ್ಯಾಂಟೊಪ್ರಜೋಲ್ ಥರದ ಅಸಿಡಿಟಿ ಮಾತ್ರೆಗೆ ಡೊಲುಟೆಗ್ರಾವಿರ್ ಜೊತೆ ಈ ತಕರಾರಿಲ್ಲ, ಡಾಕ್ಟರನ್ನು ಕೇಳಿ ಅದಕ್ಕೇ ಬದಲಾಯಿಸಿಕೊಂಡೆ. ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟಾಗ ರಿಪೋರ್ಟಿನಲ್ಲಿ ಟಿಎನ್‌ಡಿ ಅಂತ ಬಂತು, ಅಂದರೆ ವೈರಸ್ಸು ಪರೀಕ್ಷೆಯ ಕಣ್ಣಿಗೇ ಬೀಳಲಿಲ್ಲ.

ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗೂ ಇದೇ ಗುಣ ಇದೆ. ಬಸುರಿಯರಿಗೆ ಆಶಾ ಕಾರ್ಯಕರ್ತೆ ತಂದುಕೊಡೋದು ಇವೇ ಎರಡು, ಗಮನ ಇರಲಿ. ಇವಕ್ಕೊಂದು ರಿಯಾಯಿತಿ ಇದೆ: ಊಟದ ಜೊತೆ ಆದರೆ ಗುಳಿಗಿಯನ್ನೂ ಇವನ್ನೂ ಒಟ್ಟಿಗೆ ತಗೋಬಹುದು. ಬರೀ ಹೊಟ್ಟೆಯಲ್ಲಿ ಆದರೆ ಮೇಲಿನ 2 ತಾಸು, 6 ತಾಸಿನ ಲೆಕ್ಕವೇ. ಬೆಳಗ್ಗೆ ಗುಳಿಗಿ, ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಕಬ್ಬಿಣಾಂಶದ ಮಾತ್ರೆ ಅಂತ ಇಟ್ಟುಕೊಂಡರೆ ಗಡಿಯಾರ ನೋಡೋ ಗೋಜೇ ಇಲ್ಲ. ಬಸುರಿ ಅಂತ ಗುಳಿಗಿ ನಿಲ್ಲಿಸೋದು ಮಾತ್ರ ಬೇಡ. ಕೂಸನ್ನು ಕಾಯೋದು ಅದೇ ಗುಳಿಗಿ. ಹುಟ್ಟಿದ ಮೇಲೆ ಕೂಸಿಗೂ ಕೆಲವು ವಾರ ಔಷಧಿ ಕೊಡುತ್ತಾರೆ, 6 ವಾರಕ್ಕೆ ಪರೀಕ್ಷೆ ಶುರುವಾಗಿ 18 ತಿಂಗಳ ತನಕ ನೋಡುತ್ತಾರೆ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಡೊಲುಟೆಗ್ರಾವಿರ್ ಆ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸೋದಿಲ್ಲ, ಸಕ್ಕರೆ ಡಾಕ್ಟರಿಗೆ ಹೇಳಲೇಬೇಕು. ಫಿಟ್ಸ್ ಮಾತ್ರೆಗಳಾದ ಕಾರ್ಬಮಜೆಪೈನ್, ಫೆನಿಟೋಯಿನ್, ಫಿನೋಬಾರ್ಬಿಟೋನ್ ಉಲ್ಟಾ ಕೆಲಸ ಮಾಡಿ ಡೊಲುಟೆಗ್ರಾವಿರ್ ಅನ್ನೇ ಇಳಿಸುತ್ತವೆ. ಟಿಬಿಯ ರಿಫಾಂಪಿಸಿನ್ನೂ ಹಾಗೇ. ಟಿಬಿ ಚಿಕಿತ್ಸೆ ನಡೆಯುವಾಗ ಟಿಎಲ್‌ಡಿ ಆಗಿ 12 ತಾಸಿಗೆ ಡೊಲುಟೆಗ್ರಾವಿರ್ 50ರ ಇನ್ನೊಂದು ಗುಳಿಗಿ ಬೇರೆಯಾಗಿ ಕೊಡುತ್ತಾರೆ, ಟಿಬಿ ಕೋರ್ಸು ಮುಗಿದ ಮೇಲೂ ಎರಡು ವಾರ. "ಒಂದ ಗುಳಿಗಿ ಸಾಕಂದಿದ್ರಲ್ಲ, ಈಗ್ಯಾಕ ಎರಡು" ಅಂತ ರೇಗಿ ಎರಡನೇದನ್ನು ಬಿಟ್ಟವರನ್ನು ಕಂಡಿದ್ದೇನೆ. ಬಿಡಬೇಡಿ.

ನಮ್ಮ ಕಡೆ ಮೈಕೈ ನೋವು ಅಂದರೆ ಊರಿನ ಡಾಕ್ಟರ್ ಹತ್ತಿರ ಡೈಕ್ಲೋ ಸೂಜಿ ಮಾಡಿಸಿಕೊಳ್ಳೋದು ಚಹಾ ಕುಡಿದಷ್ಟು ಸಲೀಸು. ಟೆನೊಫೊವಿರ್‌ಗೆ ಕಿಡ್ನಿಯನ್ನು ಬಾಧಿಸೋ ಗುಣ ಒಂದಿಷ್ಟಿದೆ, ಅದರ ಮೇಲೆ ಈ ನೋವಿನ ಔಷಧಿ ಪದೇ ಪದೇ ಬಿದ್ದರೆ ಕಿಡ್ನಿಗೆ ಎರಡು ಕಡೆಯ ಏಟು. ಕಬ್ಬು ಕಡಿಯೋ ಹೆಣ್ಣುಮಕ್ಕಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಕೇಳಿ. ನಾಟಿ ಔಷಧಿ, ಭಸ್ಮ, ಪುಡಿ ಏನೇ ಇರಲಿ, ಸೆಂಟರಿನಲ್ಲಿ ತೋರಿಸದೆ ಬಾಯಿಗೆ ಹಾಕಬೇಡಿ. "ಈ ಪುಡಿಗೆ ದೊಡ್ಡ ಜಡ್ಡು ಪೂರಾ ಹೋಗ್ತದ" ಅನ್ನುವವನು ಕಂಡರೆ ಎದ್ದು ಬನ್ನಿ.

ಶುರುವಿನ ಎರಡು ಮೂರು ವಾರ ತಲೆನೋವು, ಓಕರಿಕೆ, ನಿದ್ದೆ ಬಾರದಿರೋದು ಆಗಬಹುದು, ಬಹಳ ಜನಕ್ಕೆ ತಾನಾಗಿ ಹೋಗುತ್ತದೆ. ನಿದ್ದೆ ಕೆಟ್ಟರೆ ಗುಳಿಗಿಯನ್ನು ಬೆಳಗ್ಗೆಗೆ ತಂದುಕೊಳ್ಳಿ. ತೂಕವೂ ಏರಬಹುದು. ನನ್ನ ಜಂಪರಿಗೆ ಎರಡು ಸಲ ಬದಿ ಬಿಚ್ಚಿ ಅಗಲ ಮಾಡಿದ್ದೇನೆ. ಮೊದಲ ಮೂರು ತಿಂಗಳಲ್ಲಿ ಜ್ವರ ಬರೋದು, ಕುತ್ತಿಗೆಯಲ್ಲಿ ಗಂಟು ಏಳೋದು ಆದರೆ ಕೆಲವೊಮ್ಮೆ ಅದು ಎಚ್ಚೆತ್ತ ರೋಗನಿರೋಧಕ ಶಕ್ತಿ ಒಳಗೆ ಅಡಗಿದ್ದ ಟಿಬಿಯಂಥ ಸೋಂಕಿನ ಮೇಲೆ ಏರಿಹೋದ ಗುರುತು. ಗುಳಿಗಿ ನಿಲ್ಲಿಸದೆ ಸೆಂಟರಿಗೆ ಹೋಗಿ. ಮೈಮೇಲೆ ದದ್ದೆದ್ದು ಜೊತೆಗೆ ಜ್ವರ, ಬಾಯೊಳಗೆ ಹುಣ್ಣು, ಕಣ್ಣು ಹಳದಿ, ಉಸಿರುಕಟ್ಟು, ಮೂತ್ರ ಕಡಿಮೆಯಾಗಿ ಕಾಲು ಬಾವು, ವಾಂತಿಯ ಜೊತೆ ತಡೆಯಲಾರದ ತಲೆನೋವು: ಇವು ಅವತ್ತೇ ಹೋಗಬೇಕಾದವು. ತಾರೀಖು ಬರಲಿ ಅಂತ ಕಾಯಬೇಡಿ.

ವೈರಲ್ ಲೋಡ್ ಪರೀಕ್ಷೆ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. 1000ಕ್ಕಿಂತ ಕೆಳಗಿದ್ದರೆ ಸೆಂಟರಿನವರು ಹತೋಟಿಯಲ್ಲಿದೆ ಅನ್ನುತ್ತಾರೆ. 200ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ದೈಹಿಕ ಸಂಬಂಧದಿಂದ ಸಂಗಾತಿಗೆ ಸೋಂಕು ದಾಟೋದಿಲ್ಲ. ಮದುವೆಯಾದ ಹೊಸ ಹುಡುಗರಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು. ಅಷ್ಟರೊಳಗೆ ಕಾಂಡೋಮ್ ಹರಿದಂಥದ್ದೇನಾದರೂ ಆದರೆ ನಿಮ್ಮ ಗುಳಿಗಿಯನ್ನೇ ಒಂದು ಮುರಿದು ಸಂಗಾತಿಗೆ ಕೊಡಬೇಡಿ. 72 ತಾಸಿನೊಳಗೆ, ಆದಷ್ಟು ಬೇಗ, ಆಸ್ಪತ್ರೆಗೆ ಕರೆದೊಯ್ದರೆ ಅವರಿಗೆ 28 ದಿನದ ಬೇರೆ ಕೋರ್ಸು ಇದೆ.

ಉಪವಾಸ ಇದ್ದಾಗ ನೀರಿನಲ್ಲಿ ನುಂಗಿ, ಶಿವರಾತ್ರಿಯ ಶಿವ ಬೇಡ ಅನ್ನೋದಿಲ್ಲ. ರಂಜಾನ್ ತಿಂಗಳಲ್ಲಿ ಸಹರಿಗೋ ಇಫ್ತಾರಿಗೋ ಹೊತ್ತು ಬದಲಾಯಿಸಿಕೊಳ್ಳಬಹುದು, ದಿನಕ್ಕೊಂದೇ ಇರೋದರಿಂದ ತೊಂದರೆಯಿಲ್ಲ. ಮುಂಚೆ ಸೆಂಟರಿನಲ್ಲಿ ಒಂದು ಮಾತು ಹೇಳಿ. ಗೋವಾಕ್ಕೆ, ಪುಣೆಗೆ ದುಡಿಯೋಕೆ ಹೋಗುವವರು ಹೊರಡೋ ಮುಂಚೆಯೇ ತಿಳಿಸಿದರೆ ಹೆಚ್ಚಿನ ತಿಂಗಳ ಗುಳಿಗಿ ಕೊಡುತ್ತಾರೆ, ಅಥವಾ ಅಲ್ಲಿನ ಸೆಂಟರಿಗೆ ಬರೆದುಕೊಡುತ್ತಾರೆ. ದಾರಿಯಲ್ಲಿ ಮುಗಿದುಹೋದರೂ ಸೆಂಟರಿನವರು ಕೊಟ್ಟ ನಿಮ್ಮ ಚಿಕಿತ್ಸೆಯ ಪುಸ್ತಕ ತೋರಿಸಿ ಬೇರೆ ಊರಿನ ಎಆರ್‌ಟಿ ಸೆಂಟರಿನಲ್ಲಿ ಕೇಳಿ. ಆ ಪುಸ್ತಕದ ಮೊದಲ ಪುಟದ ಫೋಟೋ ಫೋನಿನಲ್ಲಿರಲಿ. ಕಂಪನಿ ಬದಲಾದಾಗ ಗುಳಿಗಿಯ ಬಣ್ಣ, ಆಕಾರ ಬದಲಾಗಬಹುದು. ಡಬ್ಬಿ ಮೇಲಿನ ಮೂರು ಹೆಸರು, ಮೂರು ಅಂಕಿ ಅವೇ ಇದ್ದರೆ ಔಷಧಿ ಅದೇ.

ಡಬ್ಬಿ ಮೇಲಿನ ಚೀಟಿ ಕೀಳಬೇಡಿ. ಹೆಚ್ಚಿನವರು ಮನೆಗೆ ಬಂದ ಕೂಡಲೇ ಮಾಡೋ ಮೊದಲ ಕೆಲಸ ಅದೇ, ನಾನೂ ಮಾಡಿದ್ದೆ. ನೀವು ಎಚ್ಚರ ತಪ್ಪಿ ಬಿದ್ದಾಗ ಆಸ್ಪತ್ರೆಯಲ್ಲಿ ಯಾವ ಔಷಧಿ ಅಂತ ಹೇಳೋದು ಆ ಚೀಟಿಯೇ, ಅವಧಿ ಮುಗಿಯೋ ತಾರೀಖೂ ಅದರಲ್ಲೇ. ಒಳಗಿನ ಪುಟ್ಟ ಬಿಳಿ ಪೊಟ್ಟಣ ತೇವ ಹೀರಲಿಕ್ಕೆ ಇರೋದು. ಅದನ್ನು ತಿನ್ನಲೂಬೇಡಿ, ಎಸೆಯಲೂಬೇಡಿ. ಕುಂಕುಮದ ಭರಣಿಗೆ, ಪ್ಲಾಸ್ಟಿಕ್ ಕವರಿಗೆ ಗುಳಿಗಿ ಸುರಿದಿಡೋದು ಬೇಡ. 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತಗಡಿನ ಮನೆಗಳಲ್ಲಿ ಅದು ಆಗೋ ಮಾತಲ್ಲ. ಆದರೂ ಒಲೆಯಿಂದ ದೂರ, ನೆಲಕ್ಕೆ ಹತ್ತಿರದ ಗೋಡೆಯ ಮಾಡದಲ್ಲಿ ಇಟ್ಟರೆ ತಂಪು. ಫ್ರಿಜ್ ಬೇಡ, ಅಲ್ಲಿ ಪಸೆ ಜಾಸ್ತಿ.

ಯಾರಿಗೆ ಹೇಳಬೇಕು, ಯಾರಿಗೆ ಬಿಡಬೇಕು ಅನ್ನೋದು ನಿಮ್ಮ ಕೈಲಿದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರೋ ಕಾನೂನಿನ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಇದನ್ನು ಬಯಲು ಮಾಡೋ ಹಾಗಿಲ್ಲ. ಊರಿಗೆ ಹೇಳಬೇಡಿ. ಆದರೆ ಔಷಧಿ ಬರೆಯೋ ಪ್ರತಿ ಡಾಕ್ಟರಿಗೂ ಹೇಳಿ, ಹಲ್ಲಿನ ಡಾಕ್ಟರಿಗೂ. ಬಾಯಿಬಿಟ್ಟು ಹೇಳೋಕೆ ಆಗದಿದ್ದರೆ ಟಿಎಲ್‌ಡಿ ಅಂತ ಚೀಟಿಯಲ್ಲಿ ಬರೆದು ಮುಂದಿಡಿ, ಅವರಿಗೆ ತಿಳಿಯುತ್ತದೆ. ರಾತ್ರಿಯಲ್ಲಿ ಏನೋ ಅನುಮಾನ ಬಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಪುಕ್ಕಟೆ.

ಇನ್ನು ಸದ್ದು. ಇದಕ್ಕೆ ನನ್ನ ಹತ್ತಿರ ಮದ್ದಿದೆ. ಡಬ್ಬಿಯ ಸುತ್ತಳತೆಗೆ ಒಂದಿಂಚು, ಎತ್ತರಕ್ಕೆ ಎರಡಿಂಚು ಸೇರಿಸಿ ಜಂಪರ್ ಬಟ್ಟೆ ಕತ್ತರಿಸಿ. ಅಷ್ಟೇ ಅಳತೆಯ ಹಳೇ ಟವೆಲ್ ತುಂಡು ಒಳಗೆ, ಅದರೊಳಗೆ ಇನ್ನೊಂದು ಪದರ ಅಸ್ತರಿ. ಮೂರನ್ನೂ ಸೇರಿಸಿ ಕೌದಿಯಂತೆ ಅಡ್ಡಡ್ಡ ಹೊಲಿಗೆ ಹಾಕಿ, ತಳ ಕೂಡಿಸಿ, ಬಾಯಿಗೆ ಲಾಡಿ. ಡಬ್ಬಿ ಬಿಗಿಯಾಗಿ ಕೂರಬೇಕು. ಈಗ ಬಾಗಲಕೋಟೆಗೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿಲ್ಲ, ಮೂರು ತಿಂಗಳಿಗೊಮ್ಮೆ ಹೋಗಿ ಮೂರು ಡಬ್ಬಿ ತರುತ್ತೇನೆ. ಮೂರಕ್ಕೂ ಮೂರು ಬಣ್ಣದ ಚೀಲ ಇವೆ. ಹೊಸಬರಿಗೆ ಒಂದೊಂದು ಹೊಲಿದುಕೊಡುತ್ತೇನೆ, ಅಳತೆಗೆ ಡಬ್ಬಿ ತರಬೇಕು ಅಷ್ಟೇ.